ಕರವಸ್ತ್ರದಲ್ಲಿ ದೇಶಾಭಿಮಾನ

ಸ್ವಾತಂತ್ರ್ಯೋತ್ಸವ ಸಮೀಪಿಸಿದಂತೆ ಸಂಸ್ಥೆಗಳು ಅತಿಥಿಗಳಿಗಾಗಿ ಉಡುಗೊರೆ ಅರಸತೊಡಗುತ್ತವೆ. ಕೋಟಿನ ಮೇಲುಜೇಬಿಗೆ ಸಿಂಗಾರವಾಗುವ ಕರವಸ್ತ್ರ ಅದಕ್ಕೆ ಒಪ್ಪುವ ವಸ್ತುವೇ. ಆದರೆ ಅದರ ಮೇಲೆ ತ್ರಿವರ್ಣ ಧ್ವಜವನ್ನೇ ಮುದ್ರಿಸಿದರೆ ದೇಶಭಕ್ತಿ ಪ್ರಕಟವಾಯಿತೆಂದು ಭಾವಿಸುವವರಿದ್ದಾರೆ. ಕಾನೂನಿನ ಅಭಿಪ್ರಾಯ ಬೇರೆ. ರಾಷ್ಟ್ರಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆ, ಅದರ ನಂತರದ ತಿದ್ದುಪಡಿಗಳ ಪ್ರಕಾರ, ಕರವಸ್ತ್ರದ ಮೇಲೆ ಧ್ವಜವನ್ನು ಮುದ್ರಿಸುವುದನ್ನೂ ಕಸೂತಿ ಹಾಕುವುದನ್ನೂ ಅಪಮಾನವೆಂದೇ ಪರಿಗಣಿಸುತ್ತದೆ.

ಹಾಗಾದರೆ ಅಭಿಮಾನ ತೋರುವ ಬಗೆ ಯಾವುದು? ಬಣ್ಣಕ್ಕಿಂತ ನೂಲಿನಲ್ಲಿ ಅದನ್ನು ಹುಡುಕುವುದು ಲೇಸು. ಖಾದಿ ಧ್ವಜಕ್ಕೆ ಹೆಸರಾದ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಸ್ಥಾಪನೆಯಾಯಿತು. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಅಗ್ಗದ ಬಟ್ಟೆಯೊಡನೆ ಕೈನೂಲು ಬೆಲೆಯಲ್ಲಿ ಸ್ಪರ್ಧಿಸಲಾರದು. ನೂಲುವವರಿಗೂ ನೇಯುವವರಿಗೂ ಈಗ ಬೇಕಿರುವುದು ಅನುಕಂಪವಲ್ಲ, ಬೇರೊಂದು ಬೇಡಿಕೆ.

ಬಿಳಿಯ ಖಾದಿ ಚೌಕ, ಅದರ ಒಂದು ಮೂಲೆಯಲ್ಲಿ ಧಾರವಾಡ ಸೀಮೆಯ ಕಸೂತಿಯ ಗೋಪುರವೋ ತುಳಸಿಕಟ್ಟೆಯೋ ಇದ್ದರೆ ಸಾಕು. ಗಂಟು ಕಾಣದಂತೆ, ಎರಡೂ ಮಗ್ಗುಲು ಒಂದೇ ರೂಪ ತಾಳುವ ಗವಂತಿ ಹೊಲಿಗೆಯನ್ನು ಯಂತ್ರ ಸುಲಭವಾಗಿ ಅನುಕರಿಸಲಾರದು; ಉಡುಗೊರೆಯ ವೈಶಿಷ್ಟ್ಯವೂ ಅಲ್ಲಿಯೇ ಇದೆ. ಸಂಸ್ಥೆಯ ಲಾಂಛನ ಲಕೋಟೆಯ ಮೇಲಿರಲಿ, ಬಟ್ಟೆಯ ಮೇಲೆ ಬೇಡ.

ಒಂದು ಷರತ್ತು: ಕೈಕೆಲಸಕ್ಕೆ ಕಾಲಾವಕಾಶ ಬೇಕು. ಜುಲೈನಲ್ಲಿ ಅವಸರಪಡುವ ಬದಲು ಜನವರಿಯಲ್ಲೇ ಬೇಡಿಕೆ ಸಲ್ಲಿಸಿ, ಮುಂಗಡ ಪಾವತಿಸಬೇಕು. ಚೌಕಾಸಿ ಮಾಡಿ ಕೊಂಡ ಕರವಸ್ತ್ರ ಎದೆಯ ಮೇಲೆ ಎಷ್ಟು ಮೆರೆದರೂ ಅದನ್ನು ದೇಶಾಭಿಮಾನವೆನ್ನಲಾಗದು.