ನಿಂತು ನಿಂತು ಓಡುವ ಫಿಯಟ್ಟು ಮತ್ತು ನಾವು ಕೊಡದ ಕೂಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಆದರೆ ಐದು ತಿಂಗಳು ಒಂದು ಹಳೇ ಕಾರಿನ ಹಿಂದೆ ಬಿದ್ದು ಪಡೆದ ಜ್ಞಾನೋದಯವನ್ನು ಇಲ್ಲಿ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ :-)

ಊರಿನಲ್ಲಿ ಅಪ್ಪಯ್ಯನ ಹತ್ತಿರ 1987ರ ಪ್ರೀಮಿಯರ್ ಪದ್ಮಿನಿ ಇದೆ. ಕಂಪನಿಯವರು ಏನೇ ಹೆಸರಿಟ್ಟಿರಲಿ, ಸಾಗರದ ಕಡೆ ಅದು ‘ಫಿಯಟ್ಟು’. 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಕೈಯಲ್ಲಿ ಎಳೆಯುವ ಚೋಕು. 2023ರ ಅಕ್ಟೋಬರಿನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು ಅಂತ ಸುದ್ದಿ ಬಂದಾಗ ಅಪ್ಪಯ್ಯ ಪೇಪರ್ ಮಡಚಿಟ್ಟು "ನಮ್ದು ಇನ್ನೂ ಇದ್ಯಲ್ಲ" ಅಂದಿದ್ದರು.

ಕಳೆದ ದೀಪಾವಳಿಯ ನಂತರ ಅದಕ್ಕೆ ಹೊಸ ಚಾಳಿ ಶುರುವಾಯಿತು. ಚೆನ್ನಾಗಿ ಓಡುತ್ತಿರುವಾಗಲೇ ಎರಡು ಸಲ ಕೆಮ್ಮಿ ನಿಂತುಬಿಡುವುದು. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಇಲ್ಲ. ಕಾಲು ಗಂಟೆ ಬಿಟ್ಟರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಸ್ಟಾರ್ಟು! ಬೆಳಿಗ್ಗೆ ಸ್ಟಾರ್ಟ್ ಮಾಡುವುದಂತೂ ದೊಡ್ಡ ಸಾಹಸ. ಗ್ಯಾರೇಜಿಗೆ ಒಯ್ದರೆ ಮಾತ್ರ ಒಳ್ಳೇ ಹುಡುಗನ ಹಾಗೆ ಓಡುತ್ತಿತ್ತು. ಹಲ್ಲುನೋವು ಡಾಕ್ಟರ ಬಾಗಿಲಲ್ಲಿ ಮಾಯವಾಗುತ್ತದಲ್ಲ, ಹಾಗೆ.

ಉಡುಪಿಯಿಂದ ವಾಪಸು ಬರುವಾಗ ಹೆಬ್ರಿಯಲ್ಲಿ ಟ್ಯಾಂಕ್ ತುಂಬಿಸಿ ಆಗುಂಬೆ ಘಾಟಿ ಹತ್ತಿದ್ದೆವು. ಸರಿಯಾಗಿ ತಿರುವಿನಲ್ಲೇ ಕಾರು ನಿಂತಿತು. ಹಿಂದೆ ಮಿನಿಬಸ್ಸು, ಒಳಗೆ ಮಂಡಿನೋವಿನ ಅಮ್ಮ. ನಾನು ಇಳಿದು ಚಕ್ರಕ್ಕೆ ಕಲ್ಲು ಕೊಡುವಷ್ಟರಲ್ಲಿ ಗಾಡಿ ಒಂದು ಮೊಳ ಹಿಂದೆ ಜಾರಿತ್ತು. ಅಮ್ಮ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಅಲ್ಲಿ ಸೇರಿದವರೆಲ್ಲ "ಪೆಟ್ರೋಲ್ ಪಂಪ್ ಬಿಸಿಯಾಗಿದೆ, ಒದ್ದೆ ಬಟ್ಟೆ ಸುತ್ತಿ" ಅಂದರು. ಸುತ್ತಿದೆವು, ಕಾದೆವು, ಸ್ಟಾರ್ಟ್ ಆಯಿತು. ರೋಗ ಗೊತ್ತಾಯಿತು ಅಂದುಕೊಂಡೆವು.

ನಾವು ಎಡವಿದ್ದು ಇಲ್ಲೇ. ಹಳೇ ಗಾಡಿಯ ಎಷ್ಟೋ ರೋಗಗಳು ಬರೀ ಕಾದರೆ ವಾಸಿಯಾಗುತ್ತವೆ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿದ್ದರೆ ತಣ್ಣಗಾದಾಗ ಸರಿಹೋಗುತ್ತದೆ. ಬಿಸಿಗೆ ಸೋಲುವ ಇಗ್ನಿಷನ್ ಕಾಯಿಲ್ಲೂ, ಕಂಡೆನ್ಸರ್ರೂ ತಣ್ಣಗಾದರೆ ಮತ್ತೆ ಕೆಲಸ ಮಾಡುತ್ತವೆ. ಒದ್ದೆ ಬಟ್ಟೆ ಸುತ್ತಿ ಕಾದಾಗ ಗುಣಮಾಡಿದ್ದು ಬಟ್ಟೆಯೋ ಕಾಯುವಿಕೆಯೋ ಯಾರಿಗೆ ಗೊತ್ತು? ಪರೀಕ್ಷೆ ಮಾಡಬೇಕಾದದ್ದು ನಿಂತ ಮೊದಲ ಎರಡು ನಿಮಿಷದಲ್ಲಿ. ಆ ಎರಡು ನಿಮಿಷ ನಾವು ಗಾಬರಿಯಲ್ಲಿ ಕಳೆಯುತ್ತೇವೆ.

ಮುಂದಿನ ಎರಡು ತಿಂಗಳಲ್ಲಿ ಪಂಪಿನ ಡಯಾಫ್ರಾಮು, ಕಾಯಿಲ್ಲು, ಪಾಯಿಂಟು, ಕಂಡೆನ್ಸರ್, ನಾಲ್ಕು ಪ್ಲಗ್ಗು ಎಲ್ಲ ಹೊಸದಾಯಿತು. ಕಾರ್ಬುರೇಟರ್ ಬಿಚ್ಚಿ ತೊಳೆದದ್ದೂ ಆಯಿತು. ಒಟ್ಟು 6,800 ರೂಪಾಯಿ. ಗಾಡಿ ಮತ್ತೆ ನಿಂತಿತು. ಎಲ್ಲರೂ ಎಥನಾಲಿಗೆ ಬೈದರು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಶೇಕಡಾ 20ರ ಎಥನಾಲ್ ಪೆಟ್ರೋಲು ಹಳೇ ರಬ್ಬರಿಗೆ ಒಳ್ಳೆಯದಲ್ಲ ಅನ್ನುವುದು ನಿಜವೇ, ನಾವೂ ಹೋಸುಗಳನ್ನು ಬದಲಿಸಿದೆವು. ಆದರೆ ಹೋಸ್ ಬದಲಿಸಿದ ಮೇಲೂ ನಿಂತಿತಲ್ಲ! ನಾನು "ಮಾರಿಬಿಡಿ" ಅಂದೆ. ಅಪ್ಪಯ್ಯ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ನಾನು ಮೆಕ್ಯಾನಿಕ್‌ಗೆ ಬೈಯುತ್ತಿದ್ದೆ. ಈಗ ಯೋಚಿಸಿದರೆ ತಪ್ಪು ಹೆಚ್ಚು ನಮ್ಮದೇ. ನಾವು ಹೋಗಿ "ಕಾಯಿಲ್ ಹೋಗಿದೆ ಅನ್ಸತ್ತೆ ನೋಡಿ" ಅಂದೆವೇ ಹೊರತು ಯಾವಾಗ ನಿಂತಿತು, ಎಷ್ಟು ದೂರ ಓಡಿತ್ತು ಅಂತ ಹೇಳಲೇ ಇಲ್ಲ. ಇನ್ನೊಂದು ಮಾತು. ಪಾರ್ಟ್ ಹಾಕಿದರೆ ದುಡ್ಡು ಕೊಡುತ್ತೇವೆ. ಅರ್ಧ ದಿನ ತಲೆ ಕೆರೆದು ಹುಡುಕಿದರೆ? "ಏನೂ ಹಾಕ್ಲೇ ಇಲ್ವಲ್ಲ, ಎಂತಕ್ಕೆ ದುಡ್ಡು?" ಅನ್ನುತ್ತೇವೆ. ಹಾಗಿದ್ದ ಮೇಲೆ ಆತ ಹುಡುಕುವುದು ಯಾಕೆ? ಬದಲಿಸುವುದೇ ಅವನ ಅನ್ನ. ಹುಡುಕುವ ಕೆಲಸಕ್ಕೆ ಕೂಲಿ ಕೊಡದ ನಾವು ಅದರ ಮೂರು ಪಟ್ಟು ಸಾಮಾನಿಗೆ ಕೊಟ್ಟು ಬರುತ್ತೇವೆ. ಲ್ಯಾಪ್‌ಟಾಪ್, ಟೀವಿ ರಿಪೇರಿಯಲ್ಲೂ ಇದೇ ಕಥೆ ತಾನೇ?

ಮಾರುವ ಮಾತು ಬಂದ ಮೇಲೆ ಅಪ್ಪಯ್ಯ, ರಿಟೈರ್ಡ್ ಮೇಷ್ಟ್ರಲ್ಲವೇ, ಒಂದು ಪುಸ್ತಕಕ್ಕೆ ಗೆರೆ ಎಳೆದರು. ದಿನ, ಹೊತ್ತು, ಓಡಿದ ಕಿಲೋಮೀಟರು, ಬಿಸಿಲು, ಟ್ಯಾಂಕಿನಲ್ಲಿ ಎಷ್ಟಿತ್ತು. ನೆನಪಿದ್ದ ಹಳೆಯದನ್ನೂ ಸೇರಿಸಿದಾಗ ಒಟ್ಟು ಏಳು ಸಲ ನಿಂತಿತ್ತು. ಏಳೂ ಸಲ ಟ್ಯಾಂಕ್ ಹೆಚ್ಚುಕಡಿಮೆ ತುಂಬಿತ್ತು! ಅರ್ಧಕ್ಕಿಂತ ಕಡಿಮೆ ಇದ್ದಾಗ ಒಮ್ಮೆಯೂ ನಿಂತಿಲ್ಲ, ಏಪ್ರಿಲ್ ಬಿಸಿಲಲ್ಲೂ.

ಮೆಕ್ಯಾನಿಕ್ ಆ ಪುಟವನ್ನು ಬಹಳ ಹೊತ್ತು ನೋಡಿದ. ಅರ್ಧ ದಿನದ ಕೂಲಿ 600 ರೂಪಾಯಿ ಅಂತ ಮಾತಾಡಿ ಅವನನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಟ್ಯಾಂಕ್ ತುಂಬಿಸಿ ಜೋಗದ ರಸ್ತೆ ಹಿಡಿದೆವು. ತಾಳಗುಪ್ಪ ದಾಟಿದ ಮೇಲೆ ನಿಂತಿತು. ಗಾಡಿ ನಿಂತಿದ್ದಕ್ಕೆ ಮೂವರೂ ಖುಷಿಪಟ್ಟದ್ದು ಅದೇ ಮೊದಲು :-) ಬಾನೆಟ್ ಎತ್ತಿ ಬೇರೆ ಪ್ಲಗ್ಗನ್ನು ವಯರಿಗೆ ಸಿಕ್ಕಿಸಿ, ಇಂಜಿನ್ ಮೈಗೆ ತಾಗಿಸಿ ಸೆಲ್ಫ್ ಹೊಡೆಸಿದ. ನೀಲಿ ಕಿಡಿ ಸರಿಯಾಗಿ ಬಂತು. ಅಲ್ಲಿಗೆ ಕಾಯಿಲ್ಲು, ಕಂಡೆನ್ಸರ್ ನಿರಪರಾಧಿಗಳು. ಆಮೇಲೆ ಏರ್ ಕ್ಲೀನರ್ ತೆಗೆದು ಕಾರ್ಬುರೇಟರ್ ಬಾಯಲ್ಲಿ ನೋಡುತ್ತಾ ಆಕ್ಸಿಲೇಟರ್ ಒತ್ತಿದ. ಪೆಟ್ರೋಲ್ ಚಿಮ್ಮಬೇಕಿತ್ತು, ಒಂದು ಹನಿಯೂ ಇಲ್ಲ. ಎದ್ದು ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ.

ಸುಸ್ಸ್ಸ್... ಅಂತ ಗಾಳಿ ಒಳಗೆ ನುಗ್ಗಿತು.

ದೀಪಾವಳಿಯ ಹೊತ್ತಿಗೆ ಯಾರೋ ಪೆಟ್ರೋಲ್ ಕದ್ದರೆಂದು ಅಪ್ಪಯ್ಯ ಬೀಗದ ಮುಚ್ಚಳ ಹಾಕಿಸಿದ್ದರು. ಹಳೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಗಾಳಿತೂತು ಇತ್ತು, ಇದರಲ್ಲಿ ಇಲ್ಲ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕೇ ಪೆಟ್ರೋಲನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ಪಂಪು ಎಷ್ಟು ಹೀರಿದರೂ ಅಷ್ಟೇ. ಟ್ಯಾಂಕ್ ತುಂಬಿದ್ದಾಗ ಮೇಲಿರುವ ಗಾಳಿ ಸ್ವಲ್ಪವೇ, ಹಾಗಾಗಿ ಎರಡು ಲೀಟರ್ ಖರ್ಚಾಗುವಷ್ಟರಲ್ಲಿ ಎಳೆತ ಜೋರು. ಅರ್ಧ ಖಾಲಿ ಇದ್ದರೆ ಅದೇ ಎರಡು ಲೀಟರ್ ಲೆಕ್ಕಕ್ಕೇ ಇಲ್ಲ. ಕಾಲು ಗಂಟೆ ಬಿಟ್ಟರೆ ಸಂದಿಯಲ್ಲಿ ನಿಧಾನಕ್ಕೆ ಗಾಳಿ ಸೇರಿ ಸರಿಹೋಗುತ್ತಿತ್ತು. ಗ್ಯಾರೇಜಿನ ಸುತ್ತ ಒಂದು ಕಿಲೋಮೀಟರ್ ಓಡಿಸಿದರೆ ಇದು ಸಿಗುವುದಾದರೂ ಹೇಗೆ?

ಮುಚ್ಚಳ ಬಿಗಿ ಮಾಡಿ ಹೊರಟಾಗ ಮತ್ತೊಮ್ಮೆ ನಿಂತಿತು, ಸಡಿಲ ಮಾಡಿದಾಗ ಜೋಗದವರೆಗೂ ನಿಲ್ಲಲಿಲ್ಲ. ಬೆಳಗಿನ ಸ್ಟಾರ್ಟಿಂಗ್ ತೊಂದರೆ ಬೇರೆಯೇ. ಚೋಕ್ ಕೇಬಲ್ಲಿನ ಸ್ಕ್ರೂ ಸಡಿಲವಾಗಿ, ಪೂರ್ತಿ ಎಳೆದರೂ ಚೋಕ್ ಮುಚ್ಚುತ್ತಿದ್ದದ್ದು ಮುಕ್ಕಾಲು ಮಾತ್ರ. ಎರಡಕ್ಕೂ ಒಂದೇ ಕಾರಣ ಹುಡುಕುತ್ತಾ ನಾವು ಎರಡನ್ನೂ ಬಿಟ್ಟಿದ್ದೆವು.

"ಮುಚ್ಚಳ ತೆಗ್ದಿದ್ದಕ್ಕೆ ಎಂತ ದುಡ್ಡು ಮೇಷ್ಟ್ರೇ" ಅಂತ ಆತ 600 ರೂಪಾಯಿ ಬೇಡವೆಂದ. ಅಪ್ಪಯ್ಯ ಅವನ ಅಂಗಿ ಜೇಬಿಗೇ ತುರುಕಿದರು.

ಹಳೇ ಮುಚ್ಚಳ ಮತ್ತೆ ಬಂದಿದೆ. ಅಮ್ಮ ಮಾತ್ರ ಈಗಲೂ ಕಾರು ಹತ್ತುವ ಮೊದಲು "ಟ್ಯಾಂಕ್ ತುಂಬ್ಸಿಲ್ಲ ಅಲ್ದಾ?" ಅಂತ ಕೇಳಿಯೇ ಬಾಗಿಲು ತೆಗೆಯುವುದು.