'ಆಗಲ್ಲ ಸಾರ್' ಅನ್ನೋದನ್ನೂ ಕಲಿಸಬೇಕು

ಬೆಳಗಾವಿ, ಕಲಬುರಗಿಯಲ್ಲಿ ಈಗ ವಿಮಾನ ಹಾರಿಸೋದನ್ನು ಕಲಿಸುವ ಶಾಲೆಗಳಿವೆ. ಊರ ಮೇಲೆ ಪುಟ್ಟ ವಿಮಾನ ಸುತ್ತೋದನ್ನು ನೋಡಿ ಪೈಲಟ್ ಆಗ್ತೀನಿ ಅನ್ನೋ ಮಕ್ಕಳು ನಮ್ಮಲ್ಲೂ ಇದ್ದಾರೆ. ಅವರಿಗೂ ಅವರ ಅಪ್ಪ ಅಮ್ಮನಿಗೂ ಒಂದು ಅಪಘಾತದ ಬಗ್ಗೆ ಹೇಳಬೇಕು. ಹೆದರಿಸೋಕಲ್ಲ.

2016ರ ಜೂನ್ 9. ಅಮೆರಿಕದ ಹ್ಯೂಸ್ಟನ್ ನಗರದ ಹಾಬಿ ವಿಮಾನ ನಿಲ್ದಾಣಕ್ಕೆ ಸಿರಸ್ ಎಸ್‌ಆರ್20 ಅನ್ನೋ ಒಂದೇ ಎಂಜಿನ್ನಿನ ವಿಮಾನ ಬಂತು. ನಡೆಸುತ್ತಿದ್ದವರು ಒಬ್ಬ ಮಹಿಳೆ. ಜೊತೆಗೆ ಗಂಡ, ಗಂಡನ ಸಹೋದರ. ಆಸ್ಪತ್ರೆಯಲ್ಲಿದ್ದ ಮಾವನನ್ನು ನೋಡಲು ಹೊರಟಿದ್ದರು.

ಹಾಬಿ ದೊಡ್ಡ ವಿಮಾನಗಳ ಜಾಗ. ಹೈವೇಯಲ್ಲಿ ಲಾರಿಗಳ ನಡುವೆ ಲೂನಾ ಹೊಡೆದ ಹಾಗೆ. ಹಿಂದಿನಿಂದ ಬೋಯಿಂಗ್ 737 ವೇಗವಾಗಿ ಬರ್ತಿದೆ, ನೀವು ಪಕ್ಕಕ್ಕೆ ಹೋಗಿ ಎಂದರು. ಆಮೇಲೆ ಬೇರೆ ರನ್‌ವೇ ಎಂದರು. ಆಕೆ ಮತ್ತೆ ಬಂದಾಗ ಎತ್ತರ ಜಾಸ್ತಿಯಾಗಿತ್ತು, ಇಳಿಯಲಾಗಲಿಲ್ಲ. ಮತ್ತೊಂದು ಸುತ್ತು, ಮತ್ತೆ ಎತ್ತರ. ಕಂಟ್ರೋಲರ್ ಹೇಳಿದ್ದಕ್ಕೆಲ್ಲ ಆಕೆ ಸರಿ ಎನ್ನುತ್ತಲೇ ಇದ್ದರು.

ಕೊನೆಯ ಸಲ ಮೇಲೇರುವಾಗ ವಿಮಾನಕ್ಕೆ ಸಾಕಷ್ಟು ವೇಗ ಬರುವ ಮೊದಲೇ ರೆಕ್ಕೆಯ ಫ್ಲ್ಯಾಪ್ ಒಳಕ್ಕೆ ಹೋದವು. ಫ್ಲ್ಯಾಪ್ ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಪಟ್ಟಿ. ನಿಧಾನವಾಗಿ ಹೋಗುವಾಗ ವಿಮಾನ ತೇಲೋದಕ್ಕೆ ಅದೇ ಆಸರೆ. ವೇಗವೂ ಇಲ್ಲ, ಆಸರೆಯೂ ಹೋಯ್ತು, ಮೂತಿ ಮಾತ್ರ ಮೇಲಕ್ಕಿತ್ತು. ಗಾಳಿ ರೆಕ್ಕೆಯನ್ನು ಎತ್ತಿ ಹಿಡಿಯೋದನ್ನು ಬಿಟ್ಟಿತು. ಇದಕ್ಕೆ ಸ್ಟಾಲ್ ಅಂತಾರೆ. ಎಂಜಿನ್ ಆಫ್ ಆಗೋದಲ್ಲ, ಎಂಜಿನ್ ಪೂರ್ತಿ ಓಡುತ್ತಿದ್ದರೂ ಆಗುತ್ತದೆ. ಎತ್ತರದಲ್ಲಾದರೆ ಮೂತಿ ತಗ್ಗಿಸಿ, ವೇಗ ಹಿಡಿದು ಸರಿಪಡಿಸಬಹುದು. ನೆಲಕ್ಕೆ ಹತ್ತಿರವಿದ್ದಾಗ ಅಷ್ಟು ಜಾಗ ಎಲ್ಲಿದೆ? ವಿಮಾನ ತಿರುಗಿಕೊಂಡು ಅಂಗಡಿಯೊಂದರ ಮುಂದೆ ನಿಂತಿದ್ದ ಖಾಲಿ ಕಾರಿನ ಮೇಲೆ ಬಿತ್ತು. ಮೂವರೂ ಸತ್ತರು.

ತನಿಖಾ ಮಂಡಳಿ ಮುಖ್ಯ ತಪ್ಪು ಪೈಲಟ್‌ದು ಎಂದಿತು. ಕಂಟ್ರೋಲರ್‌ಗಳ ನಿರ್ಧಾರಗಳೂ ಕಾರಣ ಎಂದಿತು. ಜೊತೆಗೆ, ಪೈಲಟ್ ಗಟ್ಟಿಯಾಗಿ ಮಾತಾಡದೇ ಇದ್ದದ್ದೂ ಕಾರಣಗಳಲ್ಲಿ ಒಂದು ಎಂದು ಬರೆಯಿತು.

ನನಗೆ ಚುಚ್ಚಿದ್ದು ಇದೇ ಮಾತು. ಸುಳ್ಳು ಅಂತ ಹೇಳೋದಿಲ್ಲ. ಪೈಲಟ್ 'ಆಗಲ್ಲ' ಅನ್ನಬಹುದು, ನಿಯಮವೇ ಅದಕ್ಕೆ ಅವಕಾಶ ಕೊಡುತ್ತದೆ. ಬೇರೆ ಸಣ್ಣ ನಿಲ್ದಾಣಕ್ಕೆ ಹೋಗ್ತೀನಿ ಅನ್ನಬಹುದಿತ್ತು. ಆದರೆ ಕೈತುಂಬ ಕೆಲಸ, ಕಿವಿಯಲ್ಲಿ ಅಧಿಕಾರದ ದನಿ, ಹಿಂದೆ ದೊಡ್ಡವರ ಸಾಲು ಇರುವಾಗ ಹೊಸಬರ ಬಾಯಿಂದ ಆ ಮಾತು ಹೊರಡುತ್ತದೆಯೇ? (ಡೆಸ್ಕಿನಿಂದ ಫೋನ್ ಬಂದರೆ ನಾನೇ ಜ್ವರದಲ್ಲೂ 'ಆಯ್ತು ಸಾರ್' ಅಂದವನು.)

ನಮ್ಮ ಮಕ್ಕಳಿಗಂತೂ ದೊಡ್ಡವರಿಗೆ ಎದುರು ಮಾತಾಡಬೇಡ ಅಂತಲೇ ಹೇಳಿ ಬೆಳೆಸ್ತೀವಿ. ಹಾಗೆ ಬೆಳೆದ ಹುಡುಗಿ ರೇಡಿಯೋದಲ್ಲಿ, ಅದೂ ಇಂಗ್ಲಿಷಿನಲ್ಲಿ, ಗುರುತಿಲ್ಲದ ಅಧಿಕಾರಿಗೆ ಇಲ್ಲ ಎನ್ನಬೇಕು. ಅಷ್ಟೊಂದು ಲಕ್ಷ ಫೀಸು ಕಟ್ಟುವ ಮೊದಲು ಶಾಲೆಯವರನ್ನು ಕೇಳಿ: ಇಳಿಯದೆ ವಾಪಸ್ ಮೇಲೇರೋದನ್ನು ಎಷ್ಟು ಸಲ ಮಾಡಿಸ್ತೀರಿ? ಇಳಿಯದೆ ಬಂದವರನ್ನು ಬೈತೀರಾ?