ಬಾಗಿಲು ಕಚ್ಚಿಕೊಂಡ ಸಂಕ್ರಾಂತಿ

ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ ಆಷಾಢ ಬಂತೆಂದರೆ ಹಿತ್ತಲ ಬಾಗಿಲು ಮಳೆಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ನಮಗೆ ಗೊತ್ತಿದ್ದ ಮದ್ದು ಒಂದೇ. ಒಂದು ಕಾಲನ್ನು ಗೋಡೆಗೆ ಒತ್ತಿಕೊಟ್ಟು, ಚಿಲಕ ಹಿಡಿದು, ಉಸಿರು ಬಿಗಿಹಿಡಿದು ಎಳೆಯುವುದು. ಬಾಗಿಲು ಬಂದರೆ ಬಂತು, ಚಿಲಕ ಕಿತ್ತು ಬಂದರೆ ಅದೂ ಬಂತು. ಮೈಗೆ ಅಂಟಿಹೋದ ಈ ಅಭ್ಯಾಸವನ್ನು ಹೊತ್ತುಕೊಂಡೇ ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲ ಮಗಳ ಮನೆಗೆ ಹೋದೆ. ಅವಳಿರುವುದು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದ ಅಂಚಿನ ಒಂದು ಬಡಾವಣೆಯಲ್ಲಿ.

ಸಂಕ್ರಾಂತಿಯ ಬೆಳಗ್ಗೆ ಮೇಪಲ್ ಗ್ರೋವ್‌ನ ಹಿಂದೂ ದೇವಸ್ಥಾನಕ್ಕೆ ಹೊರಟಿದ್ದೆವು. ಮಗಳು ರೇಷ್ಮೆ ಸೀರೆಯ ಮೇಲೆ ಮೊಣಕಾಲವರೆಗಿನ ದಪ್ಪ ಕೋಟು ಹಾಕಿದ್ದಳು. ನನ್ನ ಕೈಯಲ್ಲಿ ಎಳ್ಳುಬೆಲ್ಲದ ಡಬ್ಬಿ. ಫೋನು ಹವೆಯನ್ನು ಮೈನಸ್ 6 ಎಂದು ತೋರಿಸುತ್ತಿತ್ತು. ಪರವಾಗಿಲ್ಲ, ಆರು ತಾನೇ ಎಂದುಕೊಂಡೆ. ಅದು ಫ್ಯಾರನ್‌ಹೀಟ್ ಲೆಕ್ಕ, ನಮ್ಮ ಲೆಕ್ಕಕ್ಕೆ ಮೈನಸ್ 21 ಎಂದು ತಿಳಿದದ್ದು ಹೊರಗೆ ಕಾಲಿಟ್ಟು ಮೂಗಿನೊಳಗಿನ ಕೂದಲು ಕಡ್ಡಿಯಂತೆ ಸೆಟೆದಾಗ. ಐಸು, ನೀರು, ನವಸಾಗರ ಬೆರೆಸಿದಾಗ ಸಿಕ್ಕ ಚಳಿಯನ್ನು ಸೊನ್ನೆ ಎಂದು ಕರೆದು 1724ರಲ್ಲಿ ತನ್ನ ಅಳತೆಯನ್ನು ಪ್ರಕಟಿಸಿದ ಆ ಡೇನಿಯಲ್ ಫ್ಯಾರನ್‌ಹೀಟ್ ಮಹಾಶಯನನ್ನು ಅಮೆರಿಕನ್ನರು ಇನ್ನೂ ಬಿಟ್ಟಿಲ್ಲ. ಅವರ ಸೊನ್ನೆ ನಮ್ಮ ಮೈನಸ್ 18ರ ಹತ್ತಿರ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿ 13ರ 7.8 ಡಿಗ್ರಿ. ಅದೂ ಸೊನ್ನೆಯ ಮೇಲೆ. ಆ ಊರಿನಿಂದ ಹೋದವನಿಗೆ ಈ ಲೆಕ್ಕ ತಲೆಗೆ ಹತ್ತುವುದು ಹೇಗೆ?

ಗ್ಯಾರೇಜಿನಲ್ಲಿ ಒಂದು ಕಾರಿಗೆ ಮಾತ್ರ ಜಾಗ. ಇನ್ನೊಂದರ ಜಾಗವನ್ನು ಎಲ್ಲ ಭಾರತೀಯ ಮನೆಗಳಂತೆ ರಟ್ಟಿನ ಪೆಟ್ಟಿಗೆಗಳು ಆಕ್ರಮಿಸಿದ್ದವು. ಅಂದು ಹೊರಟಿದ್ದು ಹೊರಗೆ ನಿಂತಿದ್ದ ಕಾರಿನಲ್ಲಿ. ಕೀಲಿ ಒತ್ತಿದರೆ ಕುಂಯ್ ಎಂದಿತು, ದೀಪ ಮಿನುಗಿತು, ಒಳಗೆ ಲಾಕ್ ಬಿಚ್ಚಿದ ಸದ್ದೂ ಕೇಳಿತು. ಬಾಗಿಲು ಮಾತ್ರ ಕದಲಲಿಲ್ಲ. ನಾನು ಡಬ್ಬಿಯನ್ನು ಕಾರಿನ ಮೇಲಿಟ್ಟು, ಟೈರಿಗೆ ಕಾಲು ಕೊಟ್ಟೆ.

“ಅಪ್ಪಾ, ಎಳೀಬೇಡ! ಹಿಡಿ ಕಿತ್ತು ಬರುತ್ತೆ,” ಎಂದು ಮಗಳು ಕೂಗಿದಳು.

ಸರಿ, ಎಳೆಯುವುದು ಬೇಡ. ನಮ್ಮವರ ಎರಡನೆಯ ಮದ್ದು ಬಿಸಿನೀರು. ಒಳಗೆ ಹೋಗಿ ಒಂದು ಚೊಂಬು ಕಾಯಿಸಿಕೊಂಡು ಬಂದೆ. ಈ ಸಲ ಕೂಗಿದ್ದು ಎದುರುಮನೆಯ ಮುದುಕ. ಹಿಮ ತಳ್ಳುತ್ತಿದ್ದ ಸಲಿಕೆಯನ್ನು ಹಾಗೇ ಬಿಟ್ಟು ಎರಡೂ ಕೈ ಬೀಸುತ್ತ ಓಡಿಬಂದರು. ಕುದಿಯುವ ನೀರು ಬಿದ್ದರೆ ಆ ಚಳಿಯಲ್ಲಿ ಕಿಟಕಿಯ ಗಾಜು ಸಿಡಿಯಬಹುದು. ಸಿಡಿಯದಿದ್ದರೂ ನೀರು ಸಂದಿಯಲ್ಲಿ ಇಳಿದು, ಬಾಗಿಲ ತಳದಲ್ಲಿ ನಿಂತು, ಹತ್ತೇ ನಿಮಿಷದಲ್ಲಿ ಇನ್ನಷ್ಟು ದಪ್ಪಗೆ ಗಡ್ಡೆ ಕಟ್ಟುತ್ತದೆ. ಚೊಂಬಿನ ನೀರನ್ನು ದಾರಿಬದಿಯ ಹಿಮಕ್ಕೆ ಚೆಲ್ಲಿದೆ. ಚೆಲ್ಲಿದ ಜಾಗದಲ್ಲಿ ಅರೆ ಗಳಿಗೆಯಲ್ಲಿ ಗಾಜಿನಂಥ ಪದರ ಕಟ್ಟಿತು, ನಾನೇ ಅದರ ಮೇಲೆ ಜಾರಿದೆ.

ಮುದುಕರು ಮಾಡಿದ್ದು ನಾನು ಕನಸಿನಲ್ಲೂ ಎಣಿಸದ ಕೆಲಸ. ಬಾಗಿಲನ್ನು ಎಳೆಯಲಿಲ್ಲ, ಒತ್ತಿದರು. ಅಂಗೈಯಿಂದ ಚೌಕಟ್ಟಿನ ಅಂಚಿನುದ್ದಕ್ಕೂ, ಮೇಲಿನಿಂದ ಕೆಳಕ್ಕೆ, ಆಮೇಲೆ ಸೊಂಟ ಕೊಟ್ಟು ನಡುಭಾಗಕ್ಕೆ. ಒಳಗಿನಿಂದ ಚಿಟಚಿಟ ಸದ್ದು ಬಂತು, ಹುರಿಗಡಲೆ ಅಗಿದ ಹಾಗೆ. ಬಾಗಿಲ ಸುತ್ತ ಇರುವುದು ರಬ್ಬರ್, ನಮ್ಮ ಗ್ಯಾರೇಜಿನವರು ಬೀಡಿಂಗ್ ಎನ್ನುವ ಪಟ್ಟಿ. ಬಾಗಿಲು ಅಂಟಿಕೊಂಡಿರುವುದು ಆ ರಬ್ಬರಿಗೂ ಬಣ್ಣದ ತಗಡಿಗೂ ನಡುವೆ ಹೆಪ್ಪುಗಟ್ಟಿದ ನೀರಿನ ತೆಳು ಪದರದಿಂದ. ಒತ್ತಿದಾಗ ರಬ್ಬರ್ ಬಗ್ಗುತ್ತದೆ. ಮಂಜುಗಡ್ಡೆಗೆ ಬಗ್ಗಲು ಬಾರದು, ಹಪ್ಪಳದಂತೆ ಒಡೆಯುತ್ತದೆ. ಎಳೆದರೆ ಮಾತ್ರ ಎಲ್ಲ ಭಾರವೂ ಹಿಡಿಯ ಮೇಲೆ ಬೀಳುತ್ತದೆ, ಆ ಚಳಿಗೆ ಹಿಡಿಯ ಪ್ಲಾಸ್ಟಿಕ್ ಕೂಡ ಪೆಡಸಾಗಿರುತ್ತದೆ. ಹಿಡಿ ಗಟ್ಟಿಯಿದ್ದು ಬಾಗಿಲು ಬಂದರೂ ಬೀಡಿಂಗ್ ಹರಿದು ತಗಡಿಗೇ ಅಂಟಿಕೊಂಡು ನೇತಾಡುತ್ತದೆ.

ಆಮೇಲೆ ಅವರ ಮನೆಯಿಂದ ಒಂದು ಸ್ಪ್ರೇ ಬಾಟಲಿ ಬಂತು. ಎರಡು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಪಾಲು ನೀರು. ಸಂದಿಯುದ್ದಕ್ಕೂ ಚಿಮುಕಿಸಿದಾಗ ಇಂಜೆಕ್ಷನ್ ಕೊಡುವ ಮುನ್ನ ತೋಳಿಗೆ ಒರೆಸುವ ಹತ್ತಿಯ ವಾಸನೆ. ಈ ಆಲ್ಕೊಹಾಲ್ ತಾನಾಗಿ ಗಡ್ಡೆ ಕಟ್ಟಬೇಕಾದರೆ ಮೈನಸ್ 89 ಡಿಗ್ರಿ ಬೇಕು. ಮಂಜುಗಡ್ಡೆಗೆ ಬೆರೆತರೆ ಅದನ್ನೂ ಕರಗಿಸಿ ತನ್ನ ಜೊತೆ ನೀರಾಗಿಯೇ ಉಳಿಸಿಕೊಳ್ಳುತ್ತದೆ. ಉಪ್ಪು ಮಾಡುವುದೂ ಇದೇ ಕೆಲಸವನ್ನು. ಆದರೆ ಮೈನಸ್ 9ರಿಂದ ಕೆಳಗೆ ರಸ್ತೆಗೆ ಚೆಲ್ಲಿದ ಉಪ್ಪು ಹೆಚ್ಚು ಪ್ರಯೋಜನಕ್ಕೆ ಬಾರದು, ಜೊತೆಗೆ ತಗಡನ್ನು ತಿನ್ನುತ್ತದೆ. ಐದು ನಿಮಿಷಕ್ಕೆ ಹಿಂದಿನ ಬಾಗಿಲು ತೆರೆಯಿತು. ಅಳಿಯ ಅಲ್ಲಿಂದ ನುಸುಳಿ ಮುಂದಿನ ಸೀಟಿಗೆ ದಾಟಿ ಹೀಟರ್ ಹಾಕಿದ. ಕಾಲು ಗಂಟೆಯಲ್ಲಿ ಉಳಿದ ಬಾಗಿಲುಗಳೂ ಬಿಟ್ಟುಕೊಟ್ಟವು.

ಕತೆ ಅಲ್ಲಿಗೇ ಮುಗಿಯಲಿಲ್ಲ. ನನ್ನ ಕಡೆಯ ಬಾಗಿಲು ತೆರೆಯಿತು, ಆದರೆ ಮತ್ತೆ ಮುಚ್ಚಲೊಲ್ಲದು. ಬಡಿದರೆ ತಟ್ಟನೆ ಹಿಂದಕ್ಕೆ ಬರುತ್ತಿತ್ತು. ಲಾಕಿನ ಕೊಕ್ಕೆಯೇ ತೆರೆದ ಸ್ಥಿತಿಯಲ್ಲಿ ಮರಗಟ್ಟಿ ನಿಂತಿತ್ತು. ಇದು ತೆರೆಯದ ಬಾಗಿಲಿಗಿಂತ ದೊಡ್ಡ ಫಜೀತಿ. ತೆರೆಯದಿದ್ದರೆ ಮನೆಯಲ್ಲೇ ಕೂರಬಹುದು, ಮುಚ್ಚದ ಬಾಗಿಲನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಕೊಕ್ಕೆಗೆ ಅದೇ ಆಲ್ಕೊಹಾಲ್ ಬಿಟ್ಟು, ಮಗಳ ಹೇರ್ ಡ್ರೈಯರ್‌ಗೆ ಉದ್ದನೆಯ ವೈರು ಎಳೆದು, ಮದುವೆ ಮನೆಯ ಹೆಣ್ಣಿಗೆ ತಲೆ ಒಣಗಿಸಿದಂತೆ ಆ ಲಾಕನ್ನು ಒಣಗಿಸಿದೆವು. ಕೊನೆಗೆ ಟಕ್ ಎಂದಿತು.

ದಾರಿಯಲ್ಲಿ ನಾನು ಚಳಿಯನ್ನು ಬೈಯುತ್ತಿದ್ದೆ. ಅಳಿಯ ನಕ್ಕು, “ಮಾವ, ತಪ್ಪು ಚಳಿಯದ್ದಲ್ಲ. ನಿನ್ನೆ ನಾನು ಕಾರು ತೊಳೆಸಿದ್ದು,” ಎಂದ.

ಹಿಂದಿನ ಮಧ್ಯಾಹ್ನ ಬಿಸಿಲು ಬಂದು ಹವೆ 38 ಫ್ಯಾರನ್‌ಹೀಟ್, ಅಂದರೆ ಸುಮಾರು 3 ಡಿಗ್ರಿಗೆ ಏರಿತ್ತು. ಅಂಥ ದಿನ ಬಂದರೆ ಊರಿಗೆ ಊರೇ ಕಾರು ತೊಳೆಯುವ ಅಂಗಡಿಯ ಮುಂದೆ ಸಾಲುಗಟ್ಟುತ್ತದೆ, ತಗಡಿಗೆ ಅಂಟಿದ ರಸ್ತೆಯ ಉಪ್ಪು ಹೋಗಲಿ ಎಂದು. ತೊಳೆದ ನೀರು ಬೀಡಿಂಗಿನ ಮಡಿಕೆಯಲ್ಲಿ ಉಳಿಯುತ್ತದೆ. ಛಾವಣಿಯ ಹಿಮವೂ ಕರಗಿ ಅಲ್ಲಿಗೇ ಇಳಿಯುತ್ತದೆ. ರಾತ್ರಿ ಉತ್ತರದ ಗಾಳಿ ಬೀಸಿ ಹವೆ ಕುಸಿಯುತ್ತದೆ. ಬಾಗಿಲು ಕಚ್ಚುವುದು ಆಗ. ಬರೀ ಚಳಿಗೆ ಕಚ್ಚುವುದಿಲ್ಲ ಎಂಬುದನ್ನು ನಾನು ಆಮೇಲೆ ವಾರಗಟ್ಟಲೆ ಕಣ್ಣಾರೆ ಕಂಡೆ. ಬರೀ ಒಣ ಚಳಿ ಎಷ್ಟೇ ಕಡುವಾಗಿದ್ದರೂ ಹಿಮ ಅಕ್ಕಿಹಿಟ್ಟಿನಂತೆ ಉದುರುದುರಾಗಿರುತ್ತದೆ, ಬೂಟಿನಡಿ ಕಿರುಗುಟ್ಟುತ್ತದೆ, ಊದಿದರೆ ಹಾರುತ್ತದೆ, ಬಾಗಿಲು ಸಲೀಸಾಗಿ ತೆರೆಯುತ್ತದೆ. ಅದೇ ಮಿನಿಯಾಪೊಲಿಸ್ 2019ರ ಜನವರಿ 30ರಂದು ಮೈನಸ್ 33 ಕಂಡಿದೆ. ರಾಜ್ಯದ ಉತ್ತರದ ಟವರ್ ಎಂಬ ಊರು 1996ರ ಫೆಬ್ರುವರಿ 2ರಂದು ಮೈನಸ್ 51 ಮುಟ್ಟಿ ದಾಖಲೆ ಬರೆದಿದೆ. ಅಂಥ ಚಳಿಯಲ್ಲಿ ಬ್ಯಾಟರಿ ಸಾಯಬಹುದು, ಎಂಜಿನ್ ಮುಷ್ಕರ ಹೂಡಬಹುದು. ಬಾಗಿಲನ್ನು ಕಟ್ಟಿಹಾಕುವುದು ಮಾತ್ರ ನಡುವೆ ಬಂದುಹೋದ ಆ ಒಂದು ಬೆಚ್ಚನೆಯ ಮಧ್ಯಾಹ್ನ.

ಎಂಜಿನ್ನಿನ ಮಾತು ಬಂದದ್ದಕ್ಕೆ ಒಂದು ಸಂಗತಿ. ಕೆನಡಾದ ವಿನಿಪೆಗ್, ಎಡ್ಮಂಟನ್ ಕಡೆ ಕಾರುಗಳ ಮೂತಿಯಿಂದ ವೈರು, ಪ್ಲಗ್ಗು ನೇತಾಡುವುದನ್ನು ಕಂಡ ನಮ್ಮವರು ಎಲ್ಲವೂ ಬ್ಯಾಟರಿ ಕಾರೆಂದು ತಿಳಿದುಬಿಡುತ್ತಾರೆ. ಅದು ರಾತ್ರಿಯಿಡೀ ಎಂಜಿನ್ ಬೆಚ್ಚಗಿಡುವ ಹೀಟರಿನದು. ಅದಕ್ಕೆ 1949ರಲ್ಲಿ ಪೇಟೆಂಟ್ ಪಡೆದ ಆಂಡ್ರ್ಯೂ ಫ್ರೀಮನ್ ಮಿನೆಸೋಟಾದ ಪಕ್ಕದ ನಾರ್ತ್ ಡಕೋಟಾದವನು. ಅದೇ ಕೆನಡಾದ ಹಡ್ಸನ್ ಕೊಲ್ಲಿಯ ದಂಡೆಯ ಚರ್ಚಿಲ್ ಎಂಬ ಊರಲ್ಲಿ ಜನ ಕಾರಿಗೆ ಬೀಗವನ್ನೇ ಹಾಕುವುದಿಲ್ಲವಂತೆ. ಹಿಮಕರಡಿ ಅಟ್ಟಿಸಿಕೊಂಡು ಬಂದವರು ಯಾರ ಕಾರಿಗಾದರೂ ನುಗ್ಗಿ ಜೀವ ಉಳಿಸಿಕೊಳ್ಳಲಿ ಎಂದು. ಒಳ್ಳೆಯ ಪದ್ಧತಿಯೇ. ಬಾಗಿಲು ಕಚ್ಚಿಕೊಂಡಿರದಿದ್ದರೆ.

ರಬ್ಬರಿಗೂ ತಗಡಿಗೂ ನಡುವೆ ನೀರು ಹೆಪ್ಪುಗಟ್ಟಿತ್ತು ಎಂದೆನಲ್ಲ, ಆ ಹೆಪ್ಪುಗಟ್ಟು ಎಂಬ ಮಾತನ್ನು ಗಮನಿಸಿ. ನೀರು ಗಡ್ಡೆಯಾಗುವುದಕ್ಕೆ ನಾವು ಬಳಸುವ ಈ ಕ್ರಿಯಾಪದ ಮೊಸರಿನ ಮನೆಯಿಂದ ಬಂದದ್ದು. ನೀರು ಗಟ್ಟಿಯಾಗುವುದನ್ನು ಅಂಗಳದಲ್ಲಿ ಎಂದೂ ಕಾಣದವರು ಅಡುಗೆಮನೆಯಲ್ಲಿ ಕಂಡ ಗಟ್ಟಿಯಾಗುವಿಕೆಯ ಹೆಸರನ್ನೇ ಅದಕ್ಕೂ ಕೊಟ್ಟಿರಬೇಕು ಎಂಬುದು ನನ್ನ ಊಹೆ. ತಮಾಷೆಯೆಂದರೆ ನಮ್ಮ ಹೆಪ್ಪಿಗೆ ಬೇಕಾದದ್ದು ಬೆಚ್ಚಗಿನ ಜಾಗ. ಮಗಳ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿದರೆ ಹೊರಗಿಟ್ಟ ಪಾತ್ರೆಯಲ್ಲಿ ಎರಡು ದಿನವಾದರೂ ಮೊಸರಾಗದು. ಓವನ್ನಿನೊಳಗೆ ಇಟ್ಟು, ಬೆಂಕಿ ಹಚ್ಚದೆ ಬರೀ ದೀಪ ಹಾಕಿ ಬಾಗಿಲು ಮುಚ್ಚುತ್ತಾಳೆ. ಬೆಳಗಾಗುವಷ್ಟರಲ್ಲಿ ಒಳಗೆ ಮೊಸರು, ಹೊರಗೆ ಕಾರು, ಎರಡೂ ಹೆಪ್ಪು.

ಇನ್ನೊಂದು ಪಾಠ ಸಿಕ್ಕಿದ್ದು ಕಾರಿನ ಗಾಜಿನಿಂದ. ಹಿಮವೇ ಬೀಳದ, ಆಕಾಶ ತಿಳಿಯಾಗಿದ್ದ ರಾತ್ರಿಗಳ ಬೆಳಗ್ಗೆ ಗಾಜಿನ ತುಂಬ ಬಿಳಿಯ ಹರಳು ಕೂತಿರುತ್ತಿತ್ತು. ಅದೇ ಬೀದಿಯಲ್ಲಿ ದಟ್ಟ ಸ್ಪ್ರೂಸ್ ಮರದಡಿ ನಿಂತ ಕಾರಿನ ಗಾಜು ಬಹುಪಾಲು ಸ್ವಚ್ಛ. ಕಾರಣ, ಬಯಲಿಗೆ ಮೈಯೊಡ್ಡಿದ ವಸ್ತು ತನ್ನ ಶಾಖವನ್ನು ನೇರ ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮೇಲೊಂದು ಮರೆಯಿದ್ದರೆ ಅಷ್ಟು ಕಳೆದುಕೊಳ್ಳುವುದಿಲ್ಲ. ಇದನ್ನು 1814ರಲ್ಲಿ ಇಬ್ಬನಿಯ ಕುರಿತ ಪ್ರಬಂಧದಲ್ಲಿ ಬಿಡಿಸಿ ಹೇಳಿದವನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಅವನು ಚರ್ಚಿಸಿದ ಉದಾಹರಣೆಗಳಲ್ಲಿ ಒಂದು ನಮ್ಮ ನೆಲದ್ದು. ಅಲಹಾಬಾದಿನ ಕಡೆ ಚಳಿಗಾಲದ ರಾತ್ರಿ ತಗ್ಗಿನಲ್ಲಿ ಕಬ್ಬಿನ ಸಿಪ್ಪೆ, ಜೋಳದ ದಂಟು ಹಾಸಿ, ಅದರ ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಮುಂಜಾನೆ ಮಂಜುಗಡ್ಡೆ ಎತ್ತುತ್ತಿದ್ದರು. ಗಾಳಿ ಇನ್ನೂ ಸೊನ್ನೆಗೆ ಇಳಿಯದಿದ್ದಾಗಲೂ. ಇದನ್ನು ರಾಬರ್ಟ್ ಬಾರ್ಕರ್ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದ್ದ. ಅಲಹಾಬಾದಿನ ಆ ಕೂಲಿಯವರು ಬೇಕೆಂದು ಮಾಡುತ್ತಿದ್ದುದನ್ನೇ ಮಿನಿಯಾಪೊಲಿಸ್ಸಿನ ಬೀದಿ ಬೇಡವೆಂದರೂ ಪ್ರತಿ ರಾತ್ರಿ ಮಾಡುತ್ತದೆ. ಒಂದು ಹಳೆಯ ಹೊದಿಕೆಯನ್ನು ಗಾಜಿನ ಮೇಲೆ ಹಾಸಿದರೆ ಬೆಳಗ್ಗೆ ಹತ್ತು ನಿಮಿಷದ ಕೆರೆತ ತಪ್ಪುತ್ತದೆ ಎಂದು ನಾನು ಹೇಳಿದ್ದು ಈ ಓದಿನ ಬಲದಿಂದ. ಆ ಮನೆಯಲ್ಲಿ ನಾನು ಕೊಟ್ಟ ಒಂದೇ ಉಪಯುಕ್ತ ಸಲಹೆ ಅದು.

ಉಳಿದ ಸಲಹೆಗಳೆಲ್ಲ ಕೆಟ್ಟವೇ. ಬೀಡಿಂಗಿಗೆ ಕೊಬ್ಬರಿ ಎಣ್ಣೆ ಸವರೋಣ ಎಂದೆ. ಮಗಳು ಬಚ್ಚಲಿನಿಂದ ಬಾಟಲಿ ತಂದು ತಲೆಕೆಳಗು ಹಿಡಿದಳು, ಒಂದು ತೊಟ್ಟೂ ಬೀಳಲಿಲ್ಲ. ನಮ್ಮ ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಗಟ್ಟಿಯಾಗುವ ಸುಖಜೀವಿ. ಹಾಗಾದರೆ ಗ್ರೀಸು? ಅದೂ ಕೂಡದು. ಕಾರಿನ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಎಂಬ ಜಾತಿಯ ರಬ್ಬರ್. ಬಿಸಿಲು, ಚಳಿ, ನೀರು ಎಲ್ಲಕ್ಕೂ ತಡೆಯುತ್ತದೆ, ಪೆಟ್ರೋಲಿಯಂ ಎಣ್ಣೆ ತಗುಲಿದರೆ ಮಾತ್ರ ಉಬ್ಬಿ ಮೆತ್ತಗಾಗುತ್ತದೆ. ಅದಕ್ಕೆ ಸರಿಯಾದದ್ದು ಸಿಲಿಕೋನ್. ಬಟ್ಟೆಗೆ ಸಿಂಪಡಿಸಿಕೊಂಡು ರಬ್ಬರಿಗೆ ತೆಳುವಾಗಿ ಸವರಿದರೆ ನೀರು ಅಲ್ಲಿ ಹಿಡಿದುಕೊಳ್ಳುವುದಿಲ್ಲ. ಚಳಿಗಾಲಕ್ಕೆ ಮೊದಲೊಮ್ಮೆ, ನಡುವೆ ಒಂದೆರಡು ಸಲ. ಇದನ್ನು ಕೇಳಿದಾಗ ನೆನಪಾದದ್ದು ನನ್ನ ಅಜ್ಜಿ. ಜ್ಯೇಷ್ಠದಲ್ಲೇ, ಮಳೆ ಹಿಡಿಯುವ ಮುಂಚೆ, ಮೇಣದ ಬತ್ತಿಯ ತುಂಡಿನಿಂದ ಹಿತ್ತಲ ಬಾಗಿಲಿನ ಅಂಚನ್ನು ಉಜ್ಜುತ್ತಿದ್ದಳು. ಅವಳು ಹೋದ ಮೇಲೆ ಉಜ್ಜುವವರಿಲ್ಲದೆ ನಾವು ಎಳೆಯುವವರಾದೆವು.

ಡಿಸೆಂಬರ್, ಜನವರಿಯಲ್ಲಿ ಮಕ್ಕಳ ಮನೆಗೆಂದು ಆ ಕಡೆ ಹೊರಡುವ ಹಿರಿಯರಿಗೆ ಒಂದು ಮಾತು. ಅಲ್ಲಿ ನಿಮಗೆ ಮಾಡಲು ಕೆಲಸವಿರುವುದಿಲ್ಲ ಎಂಬ ಕೊರಗು ಬೇಡ. ಬಿಸಿಲು ಬಂದು ಹಿಮ ಕರಗಿದ ದಿನ, ಅಥವಾ ಅಳಿಯ ಕಾರು ತೊಳೆಸಿ ತಂದ ಸಂಜೆ, ಕತ್ತಲಾಗುವ ಮುನ್ನ ಒಂದು ಒಣ ಬಟ್ಟೆ ಹಿಡಿದು ನಾಲ್ಕೂ ಬಾಗಿಲು ತೆಗೆದು ಬೀಡಿಂಗಿನ ಮಡಿಕೆ, ಎದುರಿನ ತಗಡು, ಡಿಕ್ಕಿಯ ಅಂಚು ಒರೆಸಿ. ಆಲ್ಕೊಹಾಲ್ ಬಾಟಲಿಯನ್ನು ಕಾರಿನೊಳಗಲ್ಲ, ಮನೆಯೊಳಗೆ ಇಡಿ. ಬಾಗಿಲು ಕಚ್ಚಿಕೊಂಡ ಕಾರಿನೊಳಗಿದ್ದರೆ ಬೇಕಾದಾಗ ಕೈಗೆ ಸಿಗುವುದು ಹೇಗೆ?

ನಾನು ಆ ಕೆಲಸಕ್ಕೆ ಬಳಸಿದ್ದು ಹಳೆಯ ಪಂಚೆಯ ತುಂಡು. ಮಾರ್ಚ್ ತಿಂಗಳವರೆಗೆ ಆ ಕಾರಿನ ಬಾಗಿಲು ಇನ್ನೊಮ್ಮೆ ಮಾತ್ರ ಕಚ್ಚಿಕೊಂಡಿತು. ಹಿಂದಿನ ಸಂಜೆ ಕ್ರಿಕೆಟ್ ನೋಡುತ್ತ ಕೂತು ಒರೆಸುವುದನ್ನು ಮರೆತಿದ್ದೆ.